ಮೊದಲ ಬಕೆಟ್ಟು ಸುರಿದವನು

ಅಂಗಡಿಯ ಶಟರ್ ಎತ್ತಿದ ಮೇಲೆ ಮೇಸ್ತ್ರಿಯ ಮೊದಲ ಕೆಲಸ ನಲ್ಲಿಗಳ ಮೋರೆ ಒರೆಸುವುದು. ಗೋಡೆಯುದ್ದಕ್ಕೂ ಹಲಗೆಗೆ ಸಿಕ್ಕಿಸಿದ ನೂರಾ ಹತ್ತು ನಲ್ಲಿಗಳಿವೆ. ಹಿಂದೆ ಕೊಳವೆಯಿಲ್ಲ, ಒಳಗೆ ನೀರಿಲ್ಲ, ನೋಡಲಿಕ್ಕಷ್ಟೇ ಇರುವ ನಲ್ಲಿಗಳು. ಹಳೆಯ ಬನಿಯನ್ನಿನ ತುಂಡನ್ನು ಬೆರಳಿಗೆ ಸುತ್ತಿಕೊಂಡು ಒಂದೊಂದನ್ನೇ ಒರೆಸುತ್ತಾರೆ. ಒರೆಸಿ, ತಲೆ ತುಸು ಓರೆ ಮಾಡಿ, ಅದರಲ್ಲಿ ಮೂಡಿದ ಟ್ಯೂಬ್‌ಲೈಟಿನ ಗೆರೆ ನೋಡುತ್ತಾರೆ. ಗೆರೆ ನೆಟ್ಟಗಿದ್ದರೆ ಒಳಗಿನ ಲೋಹವನ್ನು ಸರಿಯಾಗಿ ಉಜ್ಜಿದ್ದಾರೆ ಎಂದರ್ಥ. ಅಂಚು ಅಲುಗಿದಂತಿದ್ದರೆ ಯಾರೋ ಆತುರ ಮಾಡಿದ್ದಾರೆ. ಹೊಳಪಿನಲ್ಲಿ ತುಸು ನೀಲಿಯಿದ್ದರೆ ಮೇಲಿರುವುದು ಕ್ರೋಮ್. ಹಳದಿ ಇಣುಕಿದರೆ ಕ್ರೋಮ್ ಹಾಕದೆ ನಿಕ್ಕಲ್ಲಿಗೇ ಕೈ ತೊಳೆದುಕೊಂಡಿದ್ದಾರೆ.

ಒಂದು ಬೆಳಿಗ್ಗೆ ಹೊಸ ಮನೆ ಕಟ್ಟಿಸುತ್ತಿದ್ದ ಗಂಡ ಹೆಂಡತಿ ಬಂದು, ಹಂಸದ ಕತ್ತಿನಂತೆ ಬಾಗಿದ್ದ ನಲ್ಲಿಯೊಂದನ್ನು ಮೆಚ್ಚಿ, ಇದು ಎಷ್ಟು ದಿನ ಬಾಳಿಕೆ ಬರುತ್ತದೆ ಎಂದು ಕೇಳಿದರು. ಮೇಸ್ತ್ರಿ ಅದರ ಬುಡವನ್ನು ಉಗುರಿನಿಂದ ಒಮ್ಮೆ ತಟ್ಟಿದರು.

“ಎರಡು ಮಳೆಗಾಲ,” ಎಂದರು. “ಆಮೇಲೆ ಇಲ್ಲಿ ಗುಳ್ಳೆ ಏಳುತ್ತೆ.”

ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡು, ಒಂದು ಸೋಪಿನ ಡಬ್ಬಿ ಕೊಂಡು ಹೋದರು. ಗಲ್ಲಾದಲ್ಲಿ ಕೂತಿದ್ದ ಅಂಗಡಿಯವನು ಅವರು ಮೆಟ್ಟಿಲಿಳಿಯುವವರೆಗೆ ಕಾದು, “ಮೇಸ್ತ್ರಿ, ನೀವು ಇಲ್ಲಿ ನಲ್ಲಿ ಮಾರ್ತಾ ಇದ್ದೀರೋ, ತೀರ್ಪು ಕೊಡ್ತಾ ಇದ್ದೀರೋ?” ಎಂದ. ಇದು ಅವನು ವಾರಕ್ಕೊಮ್ಮೆಯಾದರೂ ಆಡುವ ಮಾತು. ಕೆಲಸದಿಂದ ತೆಗೆದಿಲ್ಲ, ಅಷ್ಟು ಕಡಿಮೆ ಸಂಬಳಕ್ಕೆ ಅಷ್ಟು ಚೆನ್ನಾಗಿ ಒರೆಸುವವರು ಇನ್ನೊಬ್ಬರು ಸಿಗುವುದಿಲ್ಲ.

ಮೇಸ್ತ್ರಿ ಸುಳ್ಳೇ ಹೇಳದ ಸತ್ಯವಂತರೇನಲ್ಲ. ನುಂಗದ ಮಾತ್ರೆಯನ್ನು ನುಂಗಿದೆ ಎನ್ನುತ್ತಾರೆ. ಬಸ್ಸು ಸಮಯಕ್ಕೇ ಬಂದಿದ್ದರೂ ತಡವಾಯಿತು ಎನ್ನುತ್ತಾರೆ. ಆದರೆ ಮಾತು ತಾವು ದುಡಿದ ಕಾರ್ಖಾನೆಯ ತೊಟ್ಟಿಗಳ ಕಡೆಗೆ ತಿರುಗಿತೆಂದರೆ ನಾಲಿಗೆ ಅವರ ಹಿಡಿತದಲ್ಲಿರುವುದಿಲ್ಲ. ಈ ಒಂದು ಗುಣ ಅವರಿಂದ, ಅವರ ಜೊತೆಗೆ ಇನ್ನೂ ಹದಿಮೂರು ಮನೆಗಳಿಂದ, ಊರಿನ ನಟ್ಟನಡುವೆ ಇದ್ದ ಮುಕ್ಕಾಲು ಎಕರೆ ನೆಲವನ್ನು ಕಿತ್ತುಕೊಂಡಿತು.

ಅವರಿಗೀಗ ಅರವತ್ತಮೂರು. ಅದರಲ್ಲಿ ಮೂವತ್ತನಾಲ್ಕು ವರ್ಷ ಕಳೆದದ್ದು ಬಸ್ ನಿಲ್ದಾಣದ ಹಿಂದಿನ ನಿಕ್ಕಲ್ ಕಾರ್ಖಾನೆಯಲ್ಲಿ. ಹಿತ್ತಾಳೆಯ ನಲ್ಲಿ, ಸೈಕಲ್ಲಿನ ಹ್ಯಾಂಡಲ್, ಆಸ್ಪತ್ರೆ ಮಂಚದ ಕಂಬಿಗಳು ಅಲ್ಲಿಗೆ ಮಂಕಾಗಿ ಬಂದು, ಲೇಪ ಹಾಕಿಸಿಕೊಂಡು ಹೊಳೆಯುತ್ತ ಹೋಗುತ್ತಿದ್ದವು. ಸಾಲಾಗಿ ಒಂಬತ್ತು ತೊಟ್ಟಿಗಳು. ಮೊದಲಿನವು ತೊಳೆಯುವುದಕ್ಕೆ, ನಡುವಿನವು ತಾಮ್ರಕ್ಕೆ ಮತ್ತು ಹಸಿರು ನೀರಿನ ನಿಕ್ಕಲ್ಲಿಗೆ, ಕೊನೆಯದು ಕ್ರೋಮಿಗೆ. ಕ್ರೋಮಿನ ತೊಟ್ಟಿಯಿಂದ ಏಳುವ ಹಬೆ ಮೂಗಿನೊಳಗಿನ ನಡುಗೋಡೆಯನ್ನು ನಿಧಾನವಾಗಿ ತಿನ್ನುತ್ತದೆ. ನೋವಾಗುವುದಿಲ್ಲ. ಏಳೆಂಟು ವರ್ಷಗಳಲ್ಲಿ ಒಂದು ತೂತು ಬೀಳುತ್ತದೆ. ತೂತು ಬಿದ್ದವನೇ ನಿಜವಾದ ಕೆಲಸಗಾರ ಎಂಬ ಮಾತು ಕಾರ್ಖಾನೆಯಲ್ಲಿತ್ತು. ಮೇಸ್ತ್ರಿ ತಮ್ಮ ಮದುವೆಯ ಹೊಸತರಲ್ಲಿ ಒಂದು ಹೊಳ್ಳೆಯಿಂದ ದಾರ ಪೋಣಿಸಿ ಇನ್ನೊಂದರಿಂದ ಎಳೆದು ತೋರಿಸಿ, ಹೆಂಡತಿಯನ್ನು ನಗಿಸಲು ಹೋಗಿ ಅಳಿಸಿದ್ದರು.

ವಾಸನೆ ಹೋಗಿ ಇಪ್ಪತ್ತೈದು ವರ್ಷವಾಯಿತು. ಮನೆಯಲ್ಲಿ ಹಾಲು ಸೀದರೆ, ಗ್ಯಾಸ್ ಸೋರಿದರೆ ಹೆಂಡತಿಯೇ ಹೇಳಬೇಕು. ಆಕೆ ಮನೆಯಲ್ಲೇ ಇಸ್ತ್ರಿ ಹಾಕುತ್ತಾರೆ. “ನಿಮಗೂ ಸೇರಿಸಿ ನಾನೊಬ್ಬಳೇ ಮೂಸಬೇಕು,” ಎಂದು ಗೊಣಗುತ್ತಾರೆ.

ಆ ಕಾರ್ಖಾನೆಯಲ್ಲಿ ಒಂದು ಕಟ್ಟಳೆ ಇತ್ತು, ಎಲ್ಲೂ ಬರೆದಿರಲಿಲ್ಲ. ತೊಟ್ಟಿಯ ನೀರು ತಿಂಗಳುಗಟ್ಟಲೆ ದುಡಿದು ಒಂದು ದಿನ ಕೈಕೊಡುತ್ತದೆ. ಎಷ್ಟು ಹೊತ್ತು ಮುಳುಗಿಸಿದರೂ ಲೋಹ ಹಿಡಿಯುವುದಿಲ್ಲ. ಆಗ ಅದು ಸತ್ತಿತು ಎಂದು ಹೇಳುವ ಅಧಿಕಾರ ಮೇಸ್ತ್ರಿಯೊಬ್ಬನದೇ. ಮಾಲೀಕ ಕೂಡ ಹೇಳುವ ಹಾಗಿಲ್ಲ. ಸತ್ತ ತೊಟ್ಟಿಯ ಮೊದಲ ಬಕೆಟ್ಟನ್ನು ಮೇಸ್ತ್ರಿಯೇ ಮೊಗೆದು ಚೆಲ್ಲಬೇಕು; ಅವನು ಚೆಲ್ಲಿದ ಮೇಲೆ ಉಳಿದವರು ಕೈ ಹಾಕುತ್ತಾರೆ. ಅಲ್ಲಿಯವರೆಗೆ ಹೆಸರು ಹಿಡಿದು ಕರೆಸಿಕೊಳ್ಳುತ್ತಿದ್ದ ಮನುಷ್ಯ ಆ ಬಕೆಟ್ಟು ಎತ್ತಿದ ದಿನದಿಂದ ಮೇಸ್ತ್ರಿಯಾದರು. ಈಗ ಪಡಿತರ ಚೀಟಿ ನೋಡಿದರೇ ಹೊರತು ಅವರ ಹೆಸರು ನೆರೆಯವರಿಗೂ ನೆನಪಾಗುವುದಿಲ್ಲ.

ಮೊದಲೆಲ್ಲ ಸತ್ತ ನೀರನ್ನು ಟ್ಯಾಂಕರಿನವರು ಬಂದು ಒಯ್ಯುತ್ತಿದ್ದರು. ಒಂದು ತಿಂಗಳು ಮಾಲೀಕರು ಬಾಗಿಲಲ್ಲೇ ನಿಂತು, ಈ ಸಲ ಟ್ಯಾಂಕರ್ ಬರುವುದಿಲ್ಲ, ನೀವೇ ಏನಾದರೂ ನೋಡಿಕೊಳ್ಳಿ ಎಂದರು. ಮೇಸ್ತ್ರಿ ನೋಡಿಕೊಂಡರು. ಅಂಗಳದ ಮೂಲೆಯಲ್ಲಿ ಬತ್ತಿದ ಬಾವಿಯೊಂದಿತ್ತು. ಅದಕ್ಕೆ ಮುಚ್ಚಿದ್ದ ಚಪ್ಪಡಿಯನ್ನು ಹಾರೆಯಿಂದ ಸರಿಸಿ ಮೊದಲ ಬಕೆಟ್ಟು ಸುರಿದರು. ಮುಂದಿನ ತಿಂಗಳೂ ಟ್ಯಾಂಕರ್ ಬರಲಿಲ್ಲ. ಹನ್ನೆರಡು ವರ್ಷ ಬರಲಿಲ್ಲ.

ಆಮೇಲೆ ಕಾರ್ಖಾನೆ ಮುಚ್ಚಿತು. ಮಾಲೀಕರ ಹತ್ತಿರ ಕೊಡಬೇಕಾದ ಸಂಬಳಕ್ಕೆ ಹಣವಿಲ್ಲ ಎಂದಾಗ, ನ್ಯಾಯಾಲಯ ಆ ಮುಕ್ಕಾಲು ಎಕರೆಯನ್ನೇ ಹದಿನಾಲ್ಕು ಜನ ಕೆಲಸಗಾರರ ಸಂಘಕ್ಕೆ ಬರೆದುಕೊಟ್ಟಿತು. ಮೇಸ್ತ್ರಿ ಸಂಘದ ಅಧ್ಯಕ್ಷರಾದರು. ಬೀದಿಯವರೆಲ್ಲ ಹೊಟ್ಟೆ ಉರಿದುಕೊಂಡರು. ಊರ ನಡುವಿನ ಮಣ್ಣು, ಚಿನ್ನಕ್ಕಿಂತ ಹೆಚ್ಚು, ಏಳು ತಲೆಮಾರು ಕೂತು ತಿನ್ನಬಹುದು ಎಂದರು. ಆದೇಶದ ಕೊನೆಯ ಪುಟದಲ್ಲಿ ಒಂದು ಷರತ್ತಿತ್ತು. ಮೂರು ವರ್ಷದೊಳಗೆ ನೆಲವನ್ನು ಶುದ್ಧ ಮಾಡಿಸಬೇಕು. ಇಲ್ಲವಾದರೆ ಅದನ್ನು ಹರಾಜು ಹಾಕಿ, ಶುದ್ಧ ಮಾಡುವ ಖರ್ಚನ್ನು ಮುರಿದುಕೊಂಡು ಉಳಿದದ್ದನ್ನು ಹಂಚಲಾಗುವುದು.

ಮಳೆ ಬಂದಾಗ ಆ ಅಂಗಳದಲ್ಲಿ ನಿಲ್ಲುವ ನೀರು ಹಳದಿ. ಗೋಡೆ ಬುಡದಲ್ಲಿ ಹುಲ್ಲು ಕೂಡ ಒಂದು ಗೆರೆಯವರೆಗೆ ಬೆಳೆದು ನಿಂತಿದೆ. ಮಣ್ಣಿನ ಪ್ರಮಾಣಪತ್ರವಿಲ್ಲದೆ ಅಲ್ಲಿ ಒಂದು ಗೂಡಂಗಡಿ ಇಡಲೂ ಪರವಾನಗಿ ಇಲ್ಲ. ಯಾವ ಬ್ಯಾಂಕೂ ಅಡವು ಇಟ್ಟುಕೊಳ್ಳುವುದಿಲ್ಲ. ಒಬ್ಬ ಮ್ಯಾನೇಜರ್, ಅಡವಿನ ಆಸ್ತಿ ನಮ್ಮ ಕೈಗೆ ಬಂದರೆ ಅದರ ರೋಗವೂ ನಮ್ಮದೇ ಆಗುತ್ತದಲ್ಲ ಎಂದು ನಯವಾಗಿ ಹೇಳಿ ಟೀ ಕುಡಿಸಿ ಕಳಿಸಿದ.

ಉಳಿದದ್ದು ಒಂದೇ ದಾರಿ, ನೆಲಶುದ್ಧಿ ಸಾಲ ನಿಧಿ. ಇಂಥ ಜಾಗಗಳು ಆ ಊರಿನ ಹೊಟ್ಟೆಯಲ್ಲಿ ಮೂವತ್ತಕ್ಕೂ ಹೆಚ್ಚಿವೆ. ಬ್ಯಾಟರಿ ಕರಗಿಸುತ್ತಿದ್ದ ಷೆಡ್ಡು, ಬಣ್ಣದ ಕಾರ್ಖಾನೆ, ಚರ್ಮ ಹದ ಮಾಡುತ್ತಿದ್ದ ಅಂಗಳ. ಅವುಗಳ ಮಣ್ಣು ತೆಗೆಸಿ ಕಟ್ಟಡ ಎಬ್ಬಿಸಲೆಂದೇ ನಗರಾಡಳಿತ ಒಂದಿಷ್ಟು ಹಣವನ್ನು ಬೇರೆ ಇಟ್ಟಿದೆ. ಕಡಿಮೆ ಬಡ್ಡಿಗೆ ಕೊಡುತ್ತಾರೆ. ಕಟ್ಟಡದ ಬಾಡಿಗೆಯಿಂದ ತೀರಿಸಬೇಕು. ತೀರಿದ ಹಣ ಇನ್ನೊಂದು ಜಾಗಕ್ಕೆ ಹೋಗುತ್ತದೆ. ಅರ್ಜಿ ನೋಡಿಕೊಳ್ಳುವ ಗುಮಾಸ್ತೆ ನಡುವಯಸ್ಸಿನ ಹೆಂಗಸು, ಕೇಳಿದ್ದನ್ನು ಎರಡು ಸಲ ಹೇಳುವಷ್ಟು ತಾಳ್ಮೆಯವರು. ಮೊದಲ ದಿನವೇ ಏಳನೆಯ ನಿಯಮವನ್ನು ಬೆರಳಿಟ್ಟು ಓದಿ ಹೇಳಿದರು. ನೆಲ ಕೆಡಿಸಿದವರಿಗೆ, ಕೆಡಿಸುವ ತೀರ್ಮಾನ ತೆಗೆದುಕೊಂಡವರಿಗೆ, ಅಂಥವರು ಸದಸ್ಯರಾಗಿರುವ ಸಂಘಕ್ಕೆ ಸಾಲವಿಲ್ಲ. ಕೆಡಿಸಿದವನೇ ಜನರ ದುಡ್ಡಿನಲ್ಲಿ ಲಾಭ ಮಾಡಬಾರದಲ್ಲ. ಆದರೆ ನೀವೆಲ್ಲ ಮಾಲೀಕರು ಹೇಳಿದ ಕೆಲಸ ಮಾಡಿದವರು, ನಿಮಗೆ ಇದು ತಾಗುವುದಿಲ್ಲ ಎಂದೂ ಸೇರಿಸಿದರು.

ಅರ್ಜಿ ತುಂಬಿದ್ದು ಮೇಸ್ತ್ರಿಯ ಮಗಳು. ನಿಧಿ ಕಚೇರಿಯ ಎದುರುಗಡೆ, ಮೆಟ್ಟಿಲ ಕೆಳಗಿನ ಜಾಗದಲ್ಲಿ ಆಕೆಯ ಜೆರಾಕ್ಸ್ ಅಂಗಡಿ. ನೆಟ್ಟಗೆ ನಿಂತರೆ ಮೆಟ್ಟಿಲು ತಲೆಗೆ ತಾಗುತ್ತದೆ. ದಿನಕ್ಕೆ ಇಪ್ಪತ್ತು ಜನರ ಅರ್ಜಿ ತುಂಬಿಕೊಡುವ ಆಕೆಗೆ ಕಚೇರಿಗಳ ಭಾಷೆ ಮನೆಮಾತಿನಷ್ಟೇ ಸಲೀಸು. ಸಂಘದ ಯೋಜನೆ ದೊಡ್ಡದಲ್ಲ. ಮಣ್ಣು ತೆಗೆಸಿ, ಒಂದೇ ಅಂತಸ್ತಿನಲ್ಲಿ ಹದಿನಾಲ್ಕು ಮಳಿಗೆ, ಬಸ್ ನಿಲ್ದಾಣದ ಕಡೆಗೆ ಮುಖ. ತಲೆಗೊಂದು. ಮೇಸ್ತ್ರಿಯ ಪಾಲಿನ ಮಳಿಗೆಗೆ ಮಗಳ ಯಂತ್ರಗಳು ಹೋಗಬೇಕು. ಅದರ ಅಳತೆಯನ್ನು ಆಕೆ ಕಾಗದದ ಮೇಲೆ ಬರೆದು ಗೋಡೆಗೆ ಅಂಟಿಸಿದ್ದಳು. ಉದ್ದ, ಅಗಲ, ಮತ್ತು ಕೆಂಪು ಶಾಯಿಯಲ್ಲಿ ಎತ್ತರ.

ಮೂರು ವರ್ಷದಲ್ಲಿ ಎರಡೂವರೆ ಕಾಗದಪತ್ರಕ್ಕೇ ಕರಗಿತ್ತು. ಉಳಿದದ್ದು ಮಣ್ಣಿನ ಪರೀಕ್ಷೆ.

ಪರೀಕ್ಷೆಯ ಎಂಜಿನಿಯರ್ ಕೊರೆಯುವ ಯಂತ್ರದ ಲಾರಿಯೊಂದಿಗೆ ಬಂದ. ಶಾಂತ ಸ್ವಭಾವದವನು, ಹೇಳಿದ್ದನ್ನೆಲ್ಲ ಬರೆದುಕೊಳ್ಳುವವನು. ಇಡೀ ಅಂಗಳವನ್ನು ಚೌಕ ಚೌಕ ಮಾಡಿ ಮೂವತ್ತಾರು ಕಡೆ ಕೊರೆಯಬೇಕು ಎಂದ. ಸಂಘದವರು ಕೂಡಿಸಿದ ಹಣ ಹನ್ನೆರಡು ತೂತಿಗೆ ಸಾಕಾಗುತ್ತಿತ್ತು. ಹನ್ನೆರಡರಲ್ಲಿ ಕೊಳೆ ಎಲ್ಲಿದೆ ಎಂದು ಖಚಿತವಾಗದಿದ್ದರೆ ಇಡೀ ಅಂಗಳವನ್ನೇ ಅಗೆಯಬೇಕೆಂದು ವರದಿ ಬರೆಯಬೇಕಾಗುತ್ತದೆ, ಹಾಗಾದರೆ ಖರ್ಚು ನಿಧಿಯ ಮಿತಿ ದಾಟುತ್ತದೆ ಎಂದು ಅವನು ಮೊದಲೇ ತಿಳಿಸಿದ.

ಮೇಸ್ತ್ರಿ ಹೊರಡುವ ಮುಂಚೆ ಮಗಳು ಮನೆ ಬಾಗಿಲಲ್ಲಿ ನಿಲ್ಲಿಸಿ ಹೇಳಿದ್ದಳು: “ಅಪ್ಪ, ಕೇಳಿದ್ದಕ್ಕಷ್ಟೇ ಉತ್ತರ ಕೊಡು. ಅರ್ಧ ಕೇಳಿದರೆ ಅರ್ಧ ಹೇಳು. ಎಲ್ಲಾನೂ ಮಾಲೀಕರು ಹೇಳಿದ್ದು, ನೀವೆಲ್ಲ ಮಾಡಿದ್ದು. ಅಷ್ಟೇ.”

“ನನಗೆ ಗೊತ್ತಿಲ್ವೇನೇ,” ಎಂದರು ಮೇಸ್ತ್ರಿ.

ಮೊದಲ ತೂತಿನಲ್ಲಿ ಕೆಂಪು ಮಣ್ಣು ಬಂತು. ಎರಡನೆಯದರಲ್ಲಿಯೂ ಅದೇ. ಮೂರನೆಯದರಲ್ಲಿ ಇಟ್ಟಿಗೆ ಚೂರು. ಸಂಘದವರು ಗೋಡೆಯ ನೆರಳಲ್ಲಿ ಸಾಲಾಗಿ ಕೂತು ನೋಡುತ್ತಿದ್ದರು. ನಾಲ್ಕನೆಯ ತೂತಿಗೆ ಲಾರಿ ಜರುಗಿದಾಗ ಮೇಸ್ತ್ರಿ ಎದ್ದು ನಿಂತರು. ಕಣ್ಣೆದುರೇ ಬೇರೆಯವರು ತಪ್ಪು ಜಾಗದಲ್ಲಿ ಕೊರೆಯುವುದನ್ನು ನೋಡಿ ಅವರಿಗೆ ಕೂರಲಾಗಲಿಲ್ಲ. ಗೇಟಿನ ಕಂಬಕ್ಕೆ ಬೆನ್ನು ಕೊಟ್ಟು ಹೆಜ್ಜೆ ಎಣಿಸುತ್ತ ಹೊರಟರು. ಹದಿನೇಳು ಹೆಜ್ಜೆಗೆ ನಿಂತು ಸುಣ್ಣದ ಪುಡಿಯಲ್ಲಿ ಒಂದು ಗುರುತು ಹಾಕಿದರು, ಇಲ್ಲಿ ನಿಕ್ಕಲ್. ಎಡಕ್ಕೆ ಒಂಬತ್ತು, ಇಲ್ಲಿ ತಾಮ್ರದ ತೊಟ್ಟಿ, ಅದರ ಕೆಳಗಿನ ಮೋರಿ ಬಿರುಕು ಬಿಟ್ಟಿತ್ತು. ಮೂಲೆಗೆ ಹೋಗಿ ಕಾಲಿನಿಂದ ಕಸ ಸರಿಸಿ ಚಪ್ಪಡಿಯನ್ನು ತೋರಿಸಿದರು. ಬಾವಿ ಎಷ್ಟು ಆಳ, ಯಾವ ವರ್ಷ ಯಾವ ಮಟ್ಟಕ್ಕೆ ತುಂಬಿತ್ತು, ಕ್ರೋಮಿನ ನೀರು ಯಾವ ಕಡೆ ಇಳಿಯುತ್ತದೆ, ಎಲ್ಲವನ್ನೂ ಹೇಳಿದರು. ಯಂತ್ರ ಅವರು ತೋರಿಸಿದಲ್ಲೆಲ್ಲ ಹಳದಿ, ಹಸಿರು ಕೆಸರನ್ನೇ ಎತ್ತಿತು. ಗೋಡೆಯ ನೆರಳಿನಲ್ಲಿ ಕೂತವರು ಒಬ್ಬರಿಗೊಬ್ಬರು ತಲೆಯಾಡಿಸಿಕೊಂಡರು. ಬಹಳ ವರ್ಷಗಳ ನಂತರ ತಮ್ಮ ಮೇಸ್ತ್ರಿಯನ್ನು ಅವರು ಕೆಲಸದಲ್ಲಿ ನೋಡುತ್ತಿದ್ದರು.

ಎಂಜಿನಿಯರ್ ನಿಜಕ್ಕೂ ಬೆರಗಾಗಿದ್ದ. ಇಷ್ಟು ಕರಾರುವಾಕ್ಕಾಗಿ ತೋರಿಸಿದವರನ್ನು ತಾನು ಕಂಡಿಲ್ಲ ಎಂದ. ಹಾಳೆ ತಿರುವಿ, ಅದೇ ದನಿಯಲ್ಲಿ, ಬಾವಿಗೆ ಸುರಿಯಲು ಯಾರು ಹೇಳಿದ್ದು ಸರ್, ಮಾಲೀಕರಾ ಎಂದು ಕೇಳಿದ. ಉತ್ತರವನ್ನು ಬಾಯಿಗೇ ಇಟ್ಟಂತಿತ್ತು. ಮೇಸ್ತ್ರಿ ಹೌದು ಎನ್ನಬೇಕಿತ್ತು, ಅಷ್ಟೇ. ಅವರ ಜೊತೆಗೇ ಬಂದು ಪಕ್ಕದಲ್ಲಿ ಕೊಡೆ ಹಿಡಿದು ನಿಂತಿದ್ದ ಮಗಳು ಕೆಮ್ಮಿದಳು.

“ಮಾಲೀಕರಿಗೆ ಅಲ್ಲೇನು ಕೆಲಸ?” ಎಂದರು ಮೇಸ್ತ್ರಿ. “ತೊಟ್ಟಿ ಸತ್ತಿದೆ ಅಂತ ಹೇಳೋನು ಮೇಸ್ತ್ರಿ. ಎಲ್ಲಿ ಸುರಿಯೋದು ಅಂತ ಹೇಳೋನೂ ಮೇಸ್ತ್ರಿ. ಮೊದಲ ಬಕೆಟ್ಟು ನಾನೇ ಸುರಿದದ್ದು.”

ಎಂಜಿನಿಯರ್ ಬರೆದುಕೊಂಡ. ಆಮೇಲೆ ಎಲ್ಲರೂ ಟೀ ಕುಡಿದರು.

ಆ ಸಂಜೆ ಹೆಂಡತಿ ಇಸ್ತ್ರಿಪೆಟ್ಟಿಗೆ ಪಕ್ಕಕ್ಕಿಟ್ಟು ಹೇಗಾಯಿತು ಎಂದು ಕೇಳಿದರು. ಚೆನ್ನಾಗಿ ಆಯಿತು, ಎಂಟೇ ತೂತಿಗೆ ಮುಗಿಯಿತು, ನಾಲ್ಕು ತೂತಿನ ದುಡ್ಡು ಉಳಿಯಿತು ಎಂದರು ಮೇಸ್ತ್ರಿ. ಮಗಳು ಊಟಕ್ಕೆ ಏಳಲಿಲ್ಲ.

ಐದು ವಾರಕ್ಕೆ ವರದಿ ಬಂತು. ಗುಮಾಸ್ತೆ ಅಪ್ಪ ಮಗಳಿಬ್ಬರನ್ನೂ ಕರೆಸಿ, ಕುರ್ಚಿ ಎಳೆದುಕೊಟ್ಟು, ನಲವತ್ತೊಂದನೆಯ ಪುಟ ತೆರೆದಿಟ್ಟರು. ಅಲ್ಲಿ ಮೇಸ್ತ್ರಿಯ ನಕ್ಷೆಯಿತ್ತು, ಹೆಜ್ಜೆಗಳೆಲ್ಲ ಮೀಟರುಗಳಾಗಿದ್ದವು. ಅದರ ಕೆಳಗೆ ಒಂದು ಪ್ಯಾರಾ. ವಿಲೇವಾರಿಯ ಸ್ಥಳವನ್ನು ಆಯ್ದುಕೊಂಡವರೂ ವಿಲೇವಾರಿ ಆರಂಭಿಸಿದವರೂ ಸಂಘದ ಹಾಲಿ ಅಧ್ಯಕ್ಷರೇ. ಈ ತೀರ್ಮಾನದಲ್ಲಿ ಮಾಲೀಕರ ಪಾತ್ರವಿರಲಿಲ್ಲವೆಂದು ಅವರೇ ತಿಳಿಸಿದ್ದಾರೆ.

ಮೇಸ್ತ್ರಿ ಅದನ್ನು ನಿಧಾನವಾಗಿ ಓದಿದರು. “ತಪ್ಪೇನೂ ಬರೆದಿಲ್ಲವಲ್ಲ,” ಎಂದರು.

ಗುಮಾಸ್ತೆ ನಿಯಮಗಳ ಪುಸ್ತಕ ತೆರೆದರು. ಏಳನೆಯ ನಿಯಮವನ್ನು ಮತ್ತೊಮ್ಮೆ ಓದಿದರು. ಮೇಸ್ತ್ರಿ ಆಗ ಅರ್ಥ ಮಾಡಿಕೊಂಡರು. ಹಾಗಾದರೆ ನನ್ನ ಹೆಸರು ಹೊಡೆದುಹಾಕಿ, ನನ್ನ ಪಾಲು ಬೇಡ, ಉಳಿದ ಹದಿಮೂರು ಜನಕ್ಕೆ ಕೊಡಿ ಎಂದರು. ಅದಕ್ಕೂ ದಾರಿಯಿರಲಿಲ್ಲ. ಅರ್ಜಿಯ ಹಿಂದಿನ ಎರಡು ವರ್ಷಗಳಲ್ಲಿ ಸದಸ್ಯರಾಗಿದ್ದವರೆಲ್ಲ ಲೆಕ್ಕಕ್ಕೆ ಬರುತ್ತಾರೆ. ಇಲ್ಲವಾದರೆ ಕೆಡಿಸಿದವರೆಲ್ಲ ಅರ್ಜಿಯ ಹಿಂದಿನ ದಿನ ರಾಜೀನಾಮೆ ಕೊಟ್ಟು ಬಂದುಬಿಡುತ್ತಾರೆ ಎಂಬುದು ನಿಯಮ ಮಾಡಿದವರ ಯೋಚನೆ. ನ್ಯಾಯಾಲಯದ ಗಡುವಿಗೆ ಉಳಿದಿದ್ದದ್ದು ನಾಲ್ಕು ತಿಂಗಳು. ಮೇಸ್ತ್ರಿ ಕೊಟ್ಟದ್ದು ತಪ್ಪು ಮಾಹಿತಿ ಎಂದು ಮಾಲೀಕರೇ ಬರೆದುಕೊಟ್ಟರೆ ಮಾತ್ರ ಮರುಪರಿಶೀಲನೆಗೆ ಕಳಿಸಬಹುದು ಎಂದರು ಗುಮಾಸ್ತೆ. ಅವರಿಗೂ ಅದರಲ್ಲಿ ನಂಬಿಕೆ ಇದ್ದಂತೆ ಕಾಣಲಿಲ್ಲ.

ಅಪ್ಪ ಮಗಳು ಮಾಲೀಕರ ಮನೆ ಹುಡುಕಿಕೊಂಡು ಹೋದರು. ಅವರು ಮಗನ ಮನೆಯ ಮಹಡಿಯ ಮೇಲೆ, ಬಾತುಕೊಂಡ ಕಾಲುಗಳನ್ನು ಸ್ಟೂಲಿನ ಮೇಲಿಟ್ಟು ಟಿವಿ ನೋಡುತ್ತಿದ್ದರು. ಮೇಸ್ತ್ರಿಯನ್ನು ಕಂಡು ಸಂತೋಷಪಟ್ಟರು. ಟಿವಿಯ ದನಿ ತಗ್ಗಿಸಿದರು. ಮಗಳು ತಾನೇ ಬರೆದುಕೊಂಡು ಬಂದಿದ್ದ ಕಾಗದವನ್ನು ಮುಂದಿಟ್ಟು, ಟ್ಯಾಂಕರ್ ನಿಲ್ಲಿಸಿದ್ದು ನೀವೇ ಅಲ್ಲವೇ, ಅದನ್ನಷ್ಟು ಬರೆದು ರುಜು ಹಾಕಿ ಎಂದು ಕೇಳಿದಳು. ಮುದುಕರು ಕನ್ನಡಕ ಹಾಕಿಕೊಂಡು ಕೊನೆಯವರೆಗೂ ಓದಿ, ಕಾಗದವನ್ನು ಮಡಚಿ ವಾಪಸು ಕೊಟ್ಟರು. ಮಗಳ ಕಡೆ ನೋಡಲಿಲ್ಲ.

“ನಾನು ಯಾವತ್ತಾದರೂ ತೊಟ್ಟಿ ಹತ್ತಿರ ಬಂದಿದ್ದೀನೇನಯ್ಯ, ಮೇಸ್ತ್ರಿ? ನೀನೇ ಬಿಡ್ತಿರಲಿಲ್ಲ.”

“ಬಿಡ್ತಿರಲಿಲ್ಲ,” ಎಂದರು ಮೇಸ್ತ್ರಿ.

ಮೆಟ್ಟಿಲಿಳಿಯುವಾಗ ಮಗಳು ಆ ಕಾಗದವನ್ನು ಚೀಲಕ್ಕೆ ತುರುಕಿಕೊಂಡಳು. ಬಸ್ಸಿನಲ್ಲಿ ಸೀಟು ಸಿಕ್ಕಿದ ಮೇಲೆ, ಕಿಟಕಿಯ ಕಡೆ ಮುಖ ಮಾಡಿಕೊಂಡೇ, ಹನ್ನೆರಡು ವರ್ಷ ಟ್ಯಾಂಕರ್ ಬರಲಿಲ್ಲ ಅಂತ ಒಂದು ಮಾತು ಅವತ್ತು ಎಂಜಿನಿಯರ್‌ಗೆ ಯಾಕೆ ಹೇಳಲಿಲ್ಲ ಎಂದು ಕೇಳಿದಳು.

“ಅವನು ಕೇಳಿದ್ದು ತೊಟ್ಟಿ ವಿಷಯ,” ಎಂದರು ಮೇಸ್ತ್ರಿ. “ಟ್ಯಾಂಕರ್ ವಿಷಯ ಕೇಳಲಿಲ್ಲ. ಕೇಳಿದ್ದಕ್ಕಷ್ಟೇ ಹೇಳು ಅಂದಿದ್ದೆಯಲ್ಲ ನೀನು.”

ಆಕೆಗೆ ನಗು ಬಂತು. ಅದನ್ನು ತಡೆಯಲು ಸೆರಗು ಬಾಯಿಗಿಟ್ಟುಕೊಂಡಳು. ಬಸ್ಸು ಇಳಿಯುವವರೆಗೂ ಸೆರಗನ್ನು ತೆಗೆಯಲಿಲ್ಲ.

ಸಂಘದ ಸಭೆ ಅಂಗಳದ ಹಳೆಯ ಷೆಡ್ಡಿನಲ್ಲಿ ನಡೆಯಿತು. ಹದಿನಾಲ್ಕು ಜನರಲ್ಲಿ ಬಂದವರು ಹನ್ನೊಂದು. ಉಜ್ಜುವ ಚಕ್ರದ ಮೇಲೆ ಕೂತು ಲೋಹವನ್ನು ಕನ್ನಡಿಯಾಗಿಸುತ್ತಿದ್ದವನನ್ನು ಎಲ್ಲರೂ ಕನ್ನಡಿ ಎಂದೇ ಕರೆಯುತ್ತಾರೆ. ಅವನ ಇಬ್ಬರು ಹೆಣ್ಣುಮಕ್ಕಳೂ ಮುಂದೆ ಬರಬೇಕಿದ್ದ ಮಳಿಗೆಯ ಬಾಡಿಗೆಯನ್ನೇ ನೆಚ್ಚಿ ಓದು ಮುಂದುವರಿಸಿದ್ದರು. ಮೇಸ್ತ್ರಿ ಎದ್ದು ನಿಂತು ಆದದ್ದನ್ನೆಲ್ಲ ಒಂದೂ ಬಿಡದೆ ಹೇಳಿದರು. ತಮ್ಮ ಪರವಾಗಿ ಒಂದು ಮಾತೂ ಸೇರಿಸಲಿಲ್ಲ.

“ಮೂಗಿಗೆ ತೂತು ಬಿದ್ದ ದಿನವೇ ಬಾಯಿಗೊಂದು ಬೀಗ ಹಾಕಿಸ್ಕೋಬೇಕಿತ್ತು, ಮೇಸ್ತ್ರಿ,” ಎಂದ ಕನ್ನಡಿ.

ತೊಟ್ಟಿಗೆ ಇಳಿಸುವ ಮುನ್ನ ಸಾಮಾನುಗಳಿಗೆ ತಂತಿ ಕಟ್ಟುತ್ತಿದ್ದ ಹಿರಿಯ ಹೆಂಗಸು, ಎಲ್ಲರ ಪಾಲಿಗೆ ತಂತಿ ಅಕ್ಕ, ಗೋಡೆಗೆ ಒರಗಿ ಕೂತಿದ್ದಳು. ಅವನೊಬ್ಬನೇ ಸುರಿದನಾ, ಎರಡನೇ ಬಕೆಟ್ಟು ಎತ್ತಿದವರು ಕೈಯೆತ್ತಿ ನೋಡೋಣ ಎಂದಳು. ಕೈ ಯಾವುದೂ ಏಳಲಿಲ್ಲ. ಕನ್ನಡಿ ನೆಲ ನೋಡಿದ. ಮೇಸ್ತ್ರಿಯನ್ನು ಸಂಘದಿಂದ ತೆಗೆಯುವ ಮಾತು ಬರಲಿಲ್ಲ. ತೆಗೆದರೂ ಪ್ರಯೋಜನವಿಲ್ಲ ಎಂದು ಎಲ್ಲರಿಗೂ ತಿಳಿದಿತ್ತು. ಆ ದಿನದ ನಂತರ ಕನ್ನಡಿ ನಲ್ಲಿ ಅಂಗಡಿಯ ಮುಂದೆ ಹಾಯುವಾಗ ಬೀದಿಯ ಆಚೆ ಬದಿಗೆ ದಾಟುತ್ತಾನೆ.

ಗಡುವು ಮುಗಿದ ಹನ್ನೊಂದನೆಯ ದಿನ ಹರಾಜಾಯಿತು. ಕೊಂಡವರು ಒಂದು ಕಟ್ಟಡ ಕಂಪನಿಯವರು. ಕೆಟ್ಟ ನೆಲ ಎಂದು ಬೆಲೆ ಅರ್ಧಕ್ಕಿಳಿದಿತ್ತು. ಶುದ್ಧ ಮಾಡುವ ಅಂದಾಜು ಖರ್ಚನ್ನು ಅದರಿಂದಲೂ ಮುರಿದುಕೊಂಡರು. ಉಳಿದದ್ದನ್ನು ಹದಿನಾಲ್ಕು ಪಾಲು ಮಾಡಿದಾಗ ಒಬ್ಬೊಬ್ಬರಿಗೆ ಬಂದದ್ದರಲ್ಲಿ ಮೇಸ್ತ್ರಿಯ ಮನೆಯವರು ಮಾಡಿನ ಶೀಟು ಬದಲಾಯಿಸಿದರು. ಹೊಸ ಶೀಟಿನ ಮೇಲೆ ಮಳೆಯ ಸದ್ದು ಹೆಚ್ಚು.

ಕಂಪನಿಯವರು ಅದೇ ನಿಧಿಗೆ ಅರ್ಜಿ ಹಾಕಿದರು. ಅವರು ಆ ನೆಲದಲ್ಲಿ ಒಂದು ಲೋಟ ನೀರನ್ನೂ ಚೆಲ್ಲಿದವರಲ್ಲ. ಏಳನೆಯ ನಿಯಮ ಅವರನ್ನು ತಡೆಯುವಂತಿರಲಿಲ್ಲ, ತಡೆಯಲೂ ಇಲ್ಲ. ಒಂದು ಮಧ್ಯಾಹ್ನ ಕಂಪನಿಯ ನೌಕರನೊಬ್ಬ ದಪ್ಪ ಕಡತ ಹಿಡಿದು ಮೆಟ್ಟಿಲ ಕೆಳಗಿನ ಅಂಗಡಿಗೆ ಬಂದು, ಮೂರು ಪ್ರತಿ ಬೇಕು, ಬೇಗ ಎಂದ. ಮಗಳು ಹಾಳೆಗಳನ್ನು ಒಂದೊಂದಾಗಿ ಗಾಜಿನ ಮೇಲೆ ಇಡುತ್ತ ಹೋದಳು. ನಲವತ್ತೊಂದನೆಯ ಪುಟವೂ ಬಂತು. ಅದರ ಮೇಲೆ ಯಾರೋ ಪೆನ್ಸಿಲಿನಲ್ಲಿ, ಕೊಳೆಯ ಜಾಗ ಖಚಿತವಿರುವುದರಿಂದ ಅಗೆತದ ಖರ್ಚು ಮೂರರಲ್ಲಿ ಒಂದು ಪಾಲು ಇಳಿಯುತ್ತದೆ ಎಂದು ಬರೆದಿದ್ದರು. ಆಕೆ ಮೂರು ಪ್ರತಿ ತೆಗೆದಳು. ಒಂದು ಮಸುಕಾಗಿತ್ತು, ಅದನ್ನು ಹರಿದು ಮತ್ತೊಮ್ಮೆ ತೆಗೆದಳು. ರಾತ್ರಿಯೂಟದ ಹೊತ್ತಿಗೆ ಮನೆಯಲ್ಲಿ ಇದನ್ನು ಹೇಳಿದಾಗ, ಮೇಸ್ತ್ರಿ ಕೇಳಿದ್ದು ಒಂದೇ, ಪ್ರತಿಯಲ್ಲಿ ಬಾವಿಯ ಆಳ ಸರಿಯಾಗಿ ಬಿದ್ದಿತ್ತಾ ಎಂದು. ಹೆಂಡತಿ ಎದ್ದು ಪಾತ್ರೆ ತೆಗೆದುಕೊಂಡು ಒಳಗೆ ಹೋದರು.

ಸಾಲ ಐದು ವಾರದಲ್ಲಿ ಮಂಜೂರಾಯಿತು. ಕಾರ್ಖಾನೆ ಅಂಗಳದ ಗೋಡೆಯ ಮೇಲೆ ಆರು ಅಂತಸ್ತಿನ ಕಟ್ಟಡದ ಚಿತ್ರ ಎದ್ದಿತು. ಕೆಳಗಡೆ, ಬಸ್ ನಿಲ್ದಾಣದ ಕಡೆಗೆ, ಗಾಜಿನ ಮಳಿಗೆಗಳು. ಮಗಳು ಅಂಗಡಿಯ ಗೋಡೆಗೆ ಅಂಟಿಸಿದ್ದ ಅಳತೆಯ ಕಾಗದವನ್ನು ಇನ್ನೂ ತೆಗೆದಿಲ್ಲ. ಅದರ ಮೇಲೆಯೇ ಜೆರಾಕ್ಸಿನ ದರಪಟ್ಟಿ ಅಂಟಿಸಿದ್ದಾಳೆ.

ಕಳೆದ ಗುರುವಾರ ಮಣ್ಣು ತೆಗೆಯುವ ಗುತ್ತಿಗೆದಾರ ನಲ್ಲಿ ಅಂಗಡಿಗೆ ಬಂದ. ಮಳೆಗೆ ಸುಣ್ಣದ ಗುರುತೆಲ್ಲ ತೊಳೆದುಹೋಗಿದೆ, ಗೇಟಿನ ಕಂಬವನ್ನು ಲಾರಿಗಾಗಿ ಕಿತ್ತಿದ್ದಾರೆ, ನಕ್ಷೆಯ ಮೀಟರುಗಳನ್ನು ಎಲ್ಲಿಂದ ಅಳೆಯಬೇಕೆಂದು ಗೊತ್ತಾಗುತ್ತಿಲ್ಲ ಎಂದ. ಒಂದು ದಿನದ ಕೂಲಿ ಕೊಡುವುದಾಗಿ ಹೇಳಿದ. ಅಂಗಡಿಯವನು ಗಲ್ಲಾದಿಂದಲೇ, “ಹೋಗಿ ಬನ್ನಿ ಮೇಸ್ತ್ರಿ, ಒಂದು ದಿನವಾದರೂ ನನ್ನ ವ್ಯಾಪಾರ ಚೆನ್ನಾಗಿ ಆಗಲಿ,” ಎಂದ. ಮೇಸ್ತ್ರಿ ಕೈಯಲ್ಲಿದ್ದ ನಲ್ಲಿಯನ್ನು ಒರೆಸಿ ಮುಗಿಸಿದರು. ಕಂಬವಿದ್ದ ತಗ್ಗು ಉಳಿದಿದೆಯೇ ಎಂದು ವಿಚಾರಿಸಿದರು. ಉಳಿದಿದೆ ಎಂದ ಗುತ್ತಿಗೆದಾರ. ಹಾಗಾದರೆ ಸಾಕು ಎಂದರು.

ಸೋಮವಾರ ಬೆಳಿಗ್ಗೆ ಏಳು ಗಂಟೆಗೆ ಬರಲು ಹೇಳಿದ್ದಾರೆ. ಸುಣ್ಣದ ಪುಡಿಯನ್ನು ಗುತ್ತಿಗೆದಾರನ ಕಡೆಯವರೇ ತರುತ್ತಾರೆ.